ಸದಾಶಿವಗಡದ ನಿತೇಶನ ಅಭಿಪ್ರಾಯ

ನಂಬಿಕೆಯ ವಿಷಯದಲ್ಲಿ ಹಟ್ಟಿಕೇರಿಯ ರಾಮನಾಥರ ಮನೆಯವರದು ಸ್ವಲ್ಪ ಕೈ ಬಿಗಿ. ರಾಮನಾಥರು ಅಂಕೋಲೆಯ ತಾಲೂಕು ಕಚೇರಿಯಲ್ಲಿ ಗುಮಾಸ್ತರು. ದಾರಿಯಲ್ಲಿ ಯಾರಾದರೂ ನಮಸ್ಕಾರ ಮಾಡಿದರೆ ‘ಇವನಿಗೆ ನನ್ನಿಂದ ಏನಾಗಬೇಕಾಗಿದೆಯೋ’ ಎಂದು ಮೊದಲು ಯೋಚಿಸಿ ಆಮೇಲೆ ಕೈ ಎತ್ತುವವರು. ಅವರ ಹೆಂಡತಿ ಗಂಗೂ, ಬಾಗಿಲಿಗೆ ಬಂದ ಬುಟ್ಟಿಯ ಒಂದೊಂದು ಬಂಗಡೆಯ ಕಿವಿರು ಎತ್ತಿ ನೋಡದೆ ಒಂದನ್ನೂ ಒಳಗೆ ಬಿಟ್ಟುಕೊಂಡವರಲ್ಲ. ತಾಯಿಯಂತೆ ಮಗಳು, ನೂಲಿನಂತೆ ಸೀರೆ ಎನ್ನುತ್ತಾರೆ; ಮಗಳು ರಕ್ಷಿತಾ ಪಿಯುಸಿಗೆ ಬರುವ ಹೊತ್ತಿಗೆ ಇಬ್ಬರ ಸಂಶಯವನ್ನೂ ಒಟ್ಟು ಮಾಡಿ ತನ್ನದಾಗಿಸಿಕೊಂಡಿದ್ದಳು.

ಅದಕ್ಕೆ ನೀರೆರೆದದ್ದು ಅವಳು ಓದುತ್ತಿದ್ದ ಪುಸ್ತಕಗಳು. ಮುಂದೊಂದು ಕಾಲದಲ್ಲಿ ಜಗತ್ತು ಕೆಟ್ಟು ಕೆರ ಹಿಡಿದು, ಒಬ್ಬ ದುಷ್ಟ ಅಧ್ಯಕ್ಷ ಬಂದು, ಊರ ಸುತ್ತ ಗೋಡೆ ಕಟ್ಟಿಸಿ, ಮಕ್ಕಳ ಕುತ್ತಿಗೆಗೆ ನಂಬರು ನೇತು ಹಾಕುವ ಕಾದಂಬರಿಗಳು. ಡಿಸ್ಟೋಪಿಯಾ ಎಂದು ಅವಕ್ಕೆ ಹೆಸರು. ಇಂಥ ಪುಸ್ತಕಗಳಲ್ಲಿ ಮೊದಲು ನಗುನಗುತ್ತ ಮಾತಾಡಿಸಿದವನೇ ಕೊನೆಗೆ ಕೈಕೊಡುತ್ತಾನೆ ಎಂಬುದನ್ನು ರಕ್ಷಿತಾ ಬೇಗ ಕಂಡುಕೊಂಡಳು. ದ್ರೋಹಿ ಯಾರೆಂದು ಅರ್ಧ ಪುಸ್ತಕ ಮುಗಿಯುವುದರೊಳಗೇ ಹೇಳಿಬಿಡುತ್ತಿದ್ದಳು, ಹೇಳಿದ್ದು ತಪ್ಪಿದ್ದೂ ಇಲ್ಲ. ಪುಸ್ತಕದೊಳಗೆ ಹೀಗೆ ಗೆದ್ದು ಗೆದ್ದು, ಹೊರಗೂ ನನ್ನ ಕಣ್ಣು ತಪ್ಪಿಸುವವರು ಯಾರಿದ್ದಾರೆ ಎಂಬ ಧೈರ್ಯ ಹುಡುಗಿಗೆ ಬಂದುಬಿಟ್ಟಿತ್ತು.

ಭಾನುವಾರ ಮಧ್ಯಾಹ್ನ ಅವಳು ಹಟ್ಟಿಕೇರಿಯಲ್ಲಿ ಬಸ್ಸು ಹತ್ತಿ ಕಾರವಾರಕ್ಕೆ ಹೋಗುತ್ತಿದ್ದಳು. ಅಲ್ಲಿ ಕೋಡಿಬಾಗದ ರಸ್ತೆಯಲ್ಲಿ, ಒಂದು ಬೇಕರಿಯ ಮಾಳಿಗೆಯ ಮೇಲೆ, ಸುಮಲತಾ ಎಂಬವರು ಹರೆಯದ ಮಕ್ಕಳಿಗೆಂದೇ ಒಂದು ಓದುಮನೆ ನಡೆಸುತ್ತಿದ್ದರು. ಹೈಸ್ಕೂಲಿನಲ್ಲಿ ಕಲಿಸುವವರಾದ್ದರಿಂದ ಎಲ್ಲರ ಬಾಯಲ್ಲೂ ಅವರು ಅಕ್ಕೋರು. ಅಲ್ಲಿಯ ನಿಯಮ ಒಂದೇ. ಪುಸ್ತಕ ಒಯ್ಯಬೇಕು, ಓದಬೇಕು, ಬಂದು ಎಲ್ಲರೆದುರು ಅಭಿಪ್ರಾಯ ಹೇಳಬೇಕು. ಮಕ್ಕಳು ಹೇಳಿದ್ದನ್ನು ಕೇಳಿಕೊಂಡೇ ಅಕ್ಕೋರು ಮುಂದಿನ ಪುಸ್ತಕ ತರಿಸುತ್ತಿದ್ದರು. ದೊಡ್ಡವರು ಆರಿಸಿದ ಪುಸ್ತಕ ಕಪಾಟಿನಲ್ಲೇ ಮುದಿಯಾಗುತ್ತದೆ ಎಂಬುದು ಅವರ ಅನುಭವ.

ಬರುವವರು ಹತ್ತಾರು ಮಂದಿ ಇದ್ದರೂ ಸಭೆ ನಡೆಸುತ್ತಿದ್ದವರು ಮೂವರೇ. ಒಬ್ಬಳು ಕಾರವಾರ ಪೇಟೆಯ ಪ್ರೀತಿ. ಅವಳಿಗೆ ರೆಕ್ಕೆಯಿದ್ದದ್ದು ಏನಾದರೂ ಬೇಕು, ಡ್ರ್ಯಾಗನ್ನೇ ಆಗಲಿ, ಕುದುರೆಯೇ ಆಗಲಿ.

“ಆದ್ರೆ ಒಂದು ಹೇಳ್ತೆ ಅಕ್ಕೋರೆ,” ಎನ್ನುತ್ತಿದ್ದಳು ಅವಳು. “ಎಲ್ಲಾ ಪುಸ್ತಕದಲ್ಲೂ ಹುಡುಗಿಗೆ ಇಬ್ಬಿಬ್ಬರು ಹುಡುಗರು ಎಂತಕೆ? ಒಬ್ಬವ ಕಪ್ಪು ಕೋಟಿನವ, ಒಬ್ಬವ ಸಣ್ಣಿರುವಾಗಿನ ಗೆಳೆಯ. ಅತ್ಲಾಗೆ ರಾಜ್ಯಕ್ಕೆ ಬೆಂಕಿ ಬಿದ್ದದೆ, ಇವ್ಳಿಗೆ ಯಾರ ಕೈ ಹಿಡೀಲಿ ಅಂಬ ಚಿಂತೆ.”

ಇನ್ನೊಬ್ಬ ಬಾಳೆಗುಳಿಯ ಆಶಿಷ. ಹೆದ್ದಾರಿ ಕೂಡುವಲ್ಲಿ ಅವನ ಅಪ್ಪನ ಹೊಟೇಲು. ಹೀಗಾಗಿ ಯಾವ ಪುಸ್ತಕ ಓದಿದರೂ ಅವನ ಗಮನ ಅಡುಗೆಮನೆಯ ಕಡೆಗೇ.

“ಇಡೀ ಊರು ಗಾಜಿನ ಗುಮ್ಮಟದೊಳಗೆ ಅದೆ. ಸರಿ. ಅಕ್ಕಿ ಎಲ್ಲಿಂದ ಬಂತು? ಪಾತ್ರೆ ಯಾರು ತೊಳೀತ್ರು? ನಾಯಕಿ ಮುನ್ನೂರು ಪುಟ ಓಡ್ತಾಳೆ, ಒಂದು ಸಲನೂ ಅವ್ಳಿಗೆ ಹಸಿವಾಗೂದಿಲ್ಲ. ಬರ್ದವ್ರು ಒಂದು ಮಧ್ಯಾಹ್ನ ನಮ್ಮ ಹೊಟೇಲಲ್ಲಿ ಬಡಿಸುಕೆ ನಿಲ್ಲಬೇಕು.”

ಮೂರನೆಯವಳು ರಕ್ಷಿತಾ. ದುಷ್ಟ ಅಧ್ಯಕ್ಷನ ಬಗ್ಗೆ ಅವಳಿಗೆ ಆಸಕ್ತಿಯಿಲ್ಲ. ಅವನ ಕೆಳಗೆ ಸಹಿ ಹಾಕುವವರು, ಸೀಲು ಒತ್ತುವವರು, ಪಕ್ಕದ ಮನೆಯ ಸುದ್ದಿ ಮುಟ್ಟಿಸುವವರು ಯಾರು ಎಂದು ಅವಳ ಪ್ರಶ್ನೆ. ಒಳ್ಳೆಯ ಪ್ರಶ್ನೆಯೇ, ಇಲ್ಲವೆನ್ನುವಂತಿಲ್ಲ. ಅಕ್ಕೋರು ಅದಕ್ಕಾಗಿ ಅವಳನ್ನು ಮೆಚ್ಚುತ್ತಿದ್ದರು.

ನಾಲ್ಕನೆಯವನೊಬ್ಬನಿದ್ದ, ನಿತೇಶ. ಕಾಳಿ ನದಿಯ ಆಚೆ ದಡದ ಸದಾಶಿವಗಡದವನು. ಅಪ್ಪ ತುಳಸಿದಾಸರದು ಸ್ವಂತ ದೋಣಿ, ತಾಯಿ ಮಾದೇವಿ ಮೀನು ಮಾರುತ್ತಾರೆ. ಅವನು ಕಿಟಕಿಯ ಹತ್ತಿರ, ರಕ್ಷಿತಾಳ ಎದುರಿಗೇ ಕೂತು, ಎಡಗೈಯನ್ನು ತಲೆಯ ಹಿಂದಿನಿಂದ ತಂದು ಬಲಗಿವಿ ತುರಿಸಿಕೊಳ್ಳುತ್ತ ಎಲ್ಲರ ಮಾತು ಕೇಳುತ್ತಿದ್ದ. ತನ್ನ ಸರದಿ ಬಂದಾಗ ಒಂದೇ ಸಾಲು.

“ಎಂತಾ ಇಲ್ಲ. ಬರೀ ಕಸ.”

ಅಪರೂಪಕ್ಕೆ ಇನ್ನೊಂದು ಸಾಲು ಬರುತ್ತಿತ್ತು. “ಭಾರೀ ಚೊಲೋ ಅದೆ. ಎಲ್ಲರೂ ಓದಿ.”

ಯಾಕೆ ಕಸ, ಯಾಕೆ ಚೊಲೋ ಎಂದು ಅಕ್ಕೋರು ಎಷ್ಟು ಕೆದಕಿದರೂ ಕಿವಿ ತುರಿಸಿಕೊಂಡು ನಗುವುದೇ ಹೊರತು ಮುಂದಕ್ಕೆ ಮಾತಿಲ್ಲ. ರಕ್ಷಿತಾಳಿಗೆ ಆ ನಗುವೇ ಹಿಡಿಸಲಿಲ್ಲ. ನಗುವವರ ಬಗ್ಗೆ ಅವಳ ಸಿದ್ಧಾಂತ ಹೇಗೂ ತಯಾರಿತ್ತಲ್ಲ.

ಅವಳು ಅವನ ಮೇಲೆ ಕಣ್ಣಿಟ್ಟಳು. ಅವನು ಭಾರೀ ಚೊಲೋ ಎಂದಿದ್ದ, ಹಾರುವ ಹಡಗುಗಳ ಒಂದು ದಪ್ಪ ಕಾದಂಬರಿಯನ್ನು ಒಯ್ದು ಓದಿದರೆ, ಅಯ್ಯೋ, ತೌಡು ಕುಟ್ಟಿದ ಹಾಗೆ. ಮೇಲಾಗಿ ಹೊಸ ಪುಸ್ತಕದ ಪುಟಗಳು ಮೊದಲ ಕೆಲವನ್ನು ಬಿಟ್ಟು ಉಳಿದೆಲ್ಲ ಅಂಚಿನಲ್ಲಿ ಒಂದಕ್ಕೊಂದು ಅಂಟಿಕೊಂಡೇ ಇದ್ದವು. ಅವನು ಅದನ್ನು ಓದಿರಲೇ ಇಲ್ಲ. ಇನ್ನು ಅವನು ಕಸ ಎಂದ ಪುಸ್ತಕಗಳ ಕತೆಯೇ ಬೇರೆ. ಅವು ಅಕ್ಕೋರು ಮತ್ತೆ ಮತ್ತೆ ಕೇಳಿದ ಮೇಲೆ, ಬೆನ್ನು ಸಡಿಲಾಗಿ, ಮಡಿಕೆಗಳಲ್ಲಿ ಮರಳು ತುಂಬಿಕೊಂಡು, ಡೀಸೆಲ್ಲಿನ ವಾಸನೆ ಹೊತ್ತು ಬರುತ್ತಿದ್ದವು. ಪುಸ್ತಕದ ಮೇಲೆ ಕೂರುತ್ತಾನೋ, ಬಲೆಯ ಕೆಳಗೆ ಹಾಸುತ್ತಾನೋ, ದೇವರಿಗೇ ಗೊತ್ತು.

ಒಂದು ದಿನ ಪ್ರೀತಿ ಬಸ್‌ಸ್ಟ್ಯಾಂಡಿನವರೆಗೆ ಜೊತೆಗೆ ಬರುತ್ತ ಹೇಳಿದಳು: “ಸದಾಶಿವಗಡದಲ್ಲಿ ನಮ್ಮ ಮಾವಶಿ ಮನೆ ಅದೆ. ಮೊನ್ನೆ ಹೋಗಿದ್ದೆ. ದಂಡೆಮೇಲೆ ಒಬ್ಬ ಲುಂಗಿ ಉಟ್ಟ ದೊಡ್ಡ ಗಂಡಸಿಗೆ ಈ ನಿತೇಶ ಓದುಮನೆ ಪುಸ್ತಕ ಕೊಡ್ತಾ ಇದ್ದ. ಆ ಮನ್ಶ ಅದ್ನ ಶರ್ಟಿನೊಳಗೆ ಇಟ್ಕಂಡು ಹೋದ.”

“ಶರ್ಟಿನೊಳಗೆ?” ಎಂದಳು ರಕ್ಷಿತಾ. ಅವಳಿಗೆ ಅಷ್ಟೇ ಸಾಕಾಯಿತು. ಗೋವಾದ ರಸ್ತೆ ಸದಾಶಿವಗಡದ ಮೇಲೆಯೇ ಹೋಗುತ್ತದೆ, ಅಲ್ಲಿ ಹಳೆ ಪುಸ್ತಕ ಕೊಳ್ಳುವವರಿಗೇನು ಬರವೇ? ಅವಳ ಲೆಕ್ಕದಲ್ಲಿ ಎಲ್ಲ ಕೂಡಿ ಬಂತು.

ಆದರೂ ಆಗ ಅವಳು ಯಾರಿಗೂ ಹೇಳಲಿಲ್ಲ. ಅವಳ ತಲೆಯಲ್ಲಿ ಆ ದಿನಗಳಲ್ಲಿ ಬೇರೆಯದೇ ಒಂದು ತುಂಬಿಕೊಂಡಿತ್ತು. ರಕ್ಷಿತಾ ತಾನೇ ಒಂದು ಡಿಸ್ಟೋಪಿಯಾ ಬರೆಯುತ್ತಿದ್ದಳು.

ಕತೆ ಹುಟ್ಟಿದ್ದು ಬಸ್ಸಿನಲ್ಲಿ. ಅರ್ಗಾದ ಹತ್ತಿರ ರಸ್ತೆಯ ಬದಿಗೇ ಓಡುವ ನೌಕಾನೆಲೆಯ ಉದ್ದನೆಯ ಕಾಂಪೌಂಡನ್ನು ಪ್ರತಿ ಭಾನುವಾರ ನೋಡಿ ನೋಡಿ, ಇಡೀ ಕಡಲಿಗೇ ಹೀಗೆ ಗೋಡೆ ಬಂದರೆ ಎಂದು ಅವಳಿಗೆ ಹೊಳೆದಿತ್ತು. ‘ಕದ ಹಾಕಿದ ಕಡಲು’ ಎಂದು ಹೆಸರಿಟ್ಟಳು. ಆ ಊರಿನಲ್ಲಿ ದಿನಾ ಸಂಜೆ ಕಾವಲುಗಾರರು ಮನೆಮನೆಗೆ ಬಂದು, ಇವತ್ತು ಏನು ತಿಂದಿರಿ, ಯಾರನ್ನು ಕಂಡಿರಿ, ಎಲ್ಲಿ ಮೀನು ಸಿಕ್ಕಿತು ಎಂದು ಕೇಳುತ್ತಾರೆ. ಇರಾ ಎಂಬ ಹುಡುಗಿ ಗೋಡೆಯಾಚೆಗೆ ಹೋಗುವ ದಾರಿ ಹುಡುಕುತ್ತಾಳೆ. ಕಾಶಿ ಎಂಬ ದೋಣಿಯ ಹುಡುಗನಿಗೆ ಗೋಡೆಯ ಬಿರುಕು ಎಲ್ಲಿದೆಯೆಂದು ಗೊತ್ತು, ಆದರೆ ಅವನು ಬಾಯಿ ಬಿಡುವುದಿಲ್ಲ. ಕೊನೆಯ ಪುಟದಲ್ಲಿ ಈ ಕಾಶಿಯೇ ಕಾವಲುಗಾರರ ಮನುಷ್ಯನೆಂದು ಇರಾಳಿಗೆ ತಿಳಿಯುತ್ತದೆ, ಅವನನ್ನು ಗೋಡೆಯ ಮೇಲಿನಿಂದ ಕಡಲಿಗೆ ನೂಕುತ್ತಾಳೆ. ಕಾಶಿಗೂ ಎಡಗೈಯಿಂದ ಬಲಗಿವಿ ತುರಿಸಿಕೊಳ್ಳುವ ಚಾಳಿ. ಅದನ್ನು ಬರೆಯುವಾಗ ರಕ್ಷಿತಾಳಿಗೆ ಒಳಗೊಳಗೇ ಖುಷಿಯಾಗಿತ್ತು ಎಂಬುದನ್ನು ಮುಚ್ಚಿಡುವುದೇಕೆ.

ತನ್ನದೆಂದು ಹೇಳಿ ಕೊಟ್ಟರೆ ಯಾರೂ ನಿಜ ಹೇಳುವುದಿಲ್ಲವೆಂದು, ಕುಮಟೆಯಲ್ಲಿರುವ ತನ್ನ ಸಂಬಂಧಿ ಸುಜಯ ಬರೆದದ್ದೆಂದು ಹೇಳಿ ಝೆರಾಕ್ಸ್ ಮಾಡಿಸಿ ಹಂಚಿದಳು. ಇನ್ನು ಮುಂದೆ ಬರೆಯುವುದೋ ಬಿಡುವುದೋ ಎಂಬುದೆಲ್ಲ ಅವಳಿಗೆ ಆ ಅಭಿಪ್ರಾಯಗಳ ಮೇಲೆ ನಿಂತಿತ್ತು. ಒಬ್ಬರು, ಒಬ್ಬರಾದರೂ ನಿಜವಾಗಿ ಮೆಚ್ಚಿದರೆ ಸಾಕಿತ್ತು.

ಪ್ರೀತಿ ಮತ್ತು ಆಶಿಷ ಮರುವಾರವೇ ಓದಿ ಬಂದರು. “ಪರವಾಗಿಲ್ಲ,” ಎಂದಳು ಪ್ರೀತಿ. “ಆದ್ರೆ ಇರಾಳ ಮಣಿಕಟ್ಟಿನ ಮೇಲೂ ನಕ್ಷತ್ರದ ಮಚ್ಚೆ. ಎಲ್ಲಾ ನಾಯಕಿಯರಿಗೂ ಮಚ್ಚೆ. ನಂಗೂ ಸೀತಾಳೆಸಿಡುಬಿನ ಕಲೆ ಅದೆ, ನನ್ನ ಯಾರೂ ರಾಣಿ ಮಾಡ್ಲಿಲ್ಲ.” ಆಶಿಷ ಗೋಡೆ ಕಟ್ಟಲು ಜಲ್ಲಿ ಎಲ್ಲಿಂದ ತಂದರೆಂದು ಕೇಳಿದ. ಎಲ್ಲರೂ ನಕ್ಕರು, ರಕ್ಷಿತಾಳೂ ನಕ್ಕಳು. ಪರವಾಗಿಲ್ಲ ಎಂಬ ಮಾತು ಮಾತ್ರ ಮನೆಗೆ ಹೋದ ಮೇಲೂ ಗಂಟಲಲ್ಲಿ ಮೀನಿನ ಮುಳ್ಳಿನಂತೆ ಚುಚ್ಚುತ್ತಲೇ ಇತ್ತು.

ಉಳಿದವನು ನಿತೇಶ. ಕತೆ ಕಡಲ ದಂಡೆಯವರದು, ಆ ಗುಂಪಿನಲ್ಲಿ ದಂಡೆಯ ಮನೆಯಿಂದ ಬಂದವನು ಅವನೊಬ್ಬನೇ. ಸಂಶಯ ಪಡುತ್ತಲೇ ರಕ್ಷಿತಾ ಅವನ ಮಾತಿಗಾಗಿ ಕಾದಳು. ಅವನು ಒಂದು ವಾರ ಬಂದು ಇನ್ನೂ ಓದಿಲ್ಲ ಎಂದ. ಮರುವಾರ ಬರಲೇ ಇಲ್ಲ. ಆಮೇಲಿನ ಭಾನುವಾರ ಬಂದು ಕಿಟಕಿಯ ಹತ್ತಿರ ಕೂತ.

“ಹೇಗನ್ಸ್ತು?” ಎಂದು ಅಕ್ಕೋರು ಕೇಳಿದರು.

“ಎಂತಾ ಇಲ್ಲ. ಬರೀ ಕಸ. ಯಾರೂ ಓದುಕೆ ಹೋಗಬೇಡಿ,” ಎಂದ ನಿತೇಶ. ಕಿವಿ ತುರಿಸಿಕೊಂಡ. ನಕ್ಕ.

“ಪ್ರತಿ ಎಲ್ಲಿ?” ರಕ್ಷಿತಾ ಕೇಳಿದಳು.

“ಮನೆಲಿ ಅದೆ.”

“ಕಸ ಆದ್ರೆ ಮನೆಲಿ ಎಂತಕೆ ಇಟ್ಕಂಡಿ?”

ಅವನು ಕಿಟಕಿಯಾಚೆ ನೋಡಿದ. ರಕ್ಷಿತಾಳ ಕಿವಿ ಬಿಸಿಯಾಯಿತು. ಅವಳಿಗೆ ಅಳುವಷ್ಟು ಸಿಟ್ಟು ಬಂತು, ಸಿಟ್ಟಿನೊಳಗೆ ಒಂದು ಹೊಸ ಹೆದರಿಕೆಯೂ ಇತ್ತು. ಕಾಶಿ ಎಂದರೆ ತಾನೇ ಎಂದು ಇವನಿಗೆ ಗೊತ್ತಾಗಿದೆ. ಬರೆದವಳು ಯಾರೆಂದೂ ಗೊತ್ತಾಗಿದೆ. ಬೇಕೆಂದೇ, ಸೇಡಿಗೆಂದೇ, ಎಲ್ಲರೆದುರು ಹೀಗಂದಿದ್ದಾನೆ. ಪ್ರತಿಯನ್ನು ಇಟ್ಟುಕೊಂಡಿರುವುದು ಇನ್ನೇನಕ್ಕೋ.

ಎಲ್ಲರೂ ಹೋದ ಮೇಲೆ ಅವಳು ಅಕ್ಕೋರ ಹತ್ತಿರ ನಿಂತು, ಕೂಡಿಟ್ಟುಕೊಂಡದ್ದನ್ನೆಲ್ಲ ಹೇಳಿಬಿಟ್ಟಳು. ಅಂಟಿಕೊಂಡ ಪುಟಗಳು, ಮರಳು, ಡೀಸೆಲ್ಲು, ಲುಂಗಿಯವನ ಶರ್ಟು. “ಮಾರ್ತಾನೆ ಅನ್ಸ್ತದೆ ಅಕ್ಕೋರೆ,” ಎಂದಳು. ಅನ್ಸ್ತದೆ ಎಂಬ ಪದವನ್ನು ಸೇರಿಸಿದ್ದು ಅವಳ ಗುಮಾಸ್ತಿಕೆಯ ರಕ್ತ. ಸಹಿ ಹಾಕುವವರು, ಸುದ್ದಿ ಮುಟ್ಟಿಸುವವರು ಯಾರೆಂದು ವಾರವಾರ ಕೇಳುತ್ತಿದ್ದವಳಿಗೆ ತಾನು ಈಗ ಮಾಡುತ್ತಿರುವುದೇನು ಎಂದು ಹೊಳೆಯಲಿಲ್ಲ. ತನ್ನ ಬೆನ್ನು ತನಗೆ ಕಾಣುವುದಿಲ್ಲ ನೋಡಿ.

ಅಕ್ಕೋರು ಕೆಟ್ಟವರಲ್ಲ. ಆದರೆ ಪುಸ್ತಕಗಳಿಗಾಗಿ ಮನೆಮನೆ ತಿರುಗಿ ದಾನ ಕೇಳಿದವರು, ಮಾರುತ್ತಾನೆ ಎಂಬ ಮಾತು ಅವರಿಗೆ ಎಲ್ಲಿ ತಾಗಬೇಕೋ ಅಲ್ಲೇ ತಾಗಿತು. ನಿತೇಶನಿಗೆ ಫೋನು ಮಾಡಿ, ಒಯ್ದ ಪುಸ್ತಕಗಳನ್ನೆಲ್ಲ ತಂದೊಪ್ಪಿಸು, ಆಮೇಲೆ ನೋಡೋಣ ಎಂದರು. ಮುಂದಿನ ಭಾನುವಾರ ಅವನು ಮೀನಿನ ಕ್ರೇಟೊಂದನ್ನು ತಿಕ್ಕಿ ತೊಳೆದು, ಅದರಲ್ಲಿ ಪುಸ್ತಕಗಳನ್ನು ಜೋಡಿಸಿಕೊಂಡು ಮಾಳಿಗೆ ಹತ್ತಿ ಬಂದ. ಅಕ್ಕೋರು ನೋಡಿದರು, ಒಂದೂ ಕಡಿಮೆ ಇರಲಿಲ್ಲ. ಅವರ ಮುಖ ಸಣ್ಣದಾಯಿತು.

“ಹಂಗಲ್ಲ ನಿತೇಶ, ಕೂತ್ಕೋ,” ಎಂದರು.

“ಇಲ್ಲ ಅಕ್ಕೋರೆ. ಇನ್ನು ಬರೂದಿಲ್ಲ,” ಎಂದು ಖಾಲಿ ಕ್ರೇಟು ಹಿಡಿದುಕೊಂಡು ಇಳಿದು ಹೋದ. ಯಾರು ಹೇಳಿದರೆಂದು ಅವನು ಕೇಳಲಿಲ್ಲ, ರಕ್ಷಿತಾಳ ಕಡೆ ನೋಡಲೂ ಇಲ್ಲ. ಎಲ್ಲ ಪುಸ್ತಕ ವಾಪಸು ಬಂದಿದ್ದವು, ‘ಕದ ಹಾಕಿದ ಕಡಲು’ ಮಾತ್ರ ಬಂದಿರಲಿಲ್ಲ.

ಇಲ್ಲಿಗೆ ಸಂಶಯ ಸಾಯಬೇಕಿತ್ತು. ಆದರೆ ಸಂಶಯವೆಂಬುದು ಹಲ್ಲಿಯ ಬಾಲದ ಹಾಗೆ, ಕಡಿದ ಮೇಲೂ ಕುಣಿಯುತ್ತದೆ. ಪುಸ್ತಕ ಮಾರಿಲ್ಲ, ಸರಿ. ಹಾಗಾದರೆ ನನ್ನ ಕತೆಯನ್ನೊಂದೇ ಯಾಕೆ ಇಟ್ಟುಕೊಂಡ? ಯಾರಿಗೆ ತೋರಿಸುತ್ತಾನೆ? ಮುಂದಿನ ಭಾನುವಾರ ರಕ್ಷಿತಾ ಓದುಮನೆಯ ಹತ್ತಿರ ಇಳಿಯದೆ, ಕಾಳಿಯ ಸೇತುವೆ ದಾಟಿ ಸದಾಶಿವಗಡಕ್ಕೆ ಹೋದಳು.

ಮನೆ ಹುಡುಕುವುದು ಕಷ್ಟವಾಗಲಿಲ್ಲ. ಅಂಗಳದಲ್ಲಿ ಟಾರ್ಪಾಲಿನ ನೆರಳಲ್ಲಿ ಇಬ್ಬರು ಗಂಡಸರು ಹರಿದ ಬಲೆ ಹೊಲಿಯುತ್ತಿದ್ದರು. ಒಬ್ಬರು ನಿತೇಶನ ಅಪ್ಪ ತುಳಸಿದಾಸ, ಇನ್ನೊಬ್ಬ ಅವರ ದೋಣಿಯಲ್ಲಿ ದುಡಿಯುವ ಬೀರಾ. ಬೀರಾ ಲುಂಗಿ ಉಟ್ಟಿದ್ದ, ಶರ್ಟಿನ ಮೇಲಿನ ಗುಂಡಿ ಬಿಚ್ಚಿತ್ತು. ಮಗನ ಓದುಮನೆಯವಳು ಎಂದ ಕೂಡಲೇ ಮಾದೇವಿ ಒಳಗಿನಿಂದ ಮಣೆ ತಂದಿಟ್ಟರು.

“ಕೂಕೋ ತಂಗಿ. ಅವ ಐಸ್ ತರುಕೆ ಹೋಗಾನೆ, ಈಗ ಬತ್ತಾನೆ.”

ಅವರ ಮುಖ ನೋಡಿದರೆ ಮಗ ಮನೆಯಲ್ಲಿ ಏನೂ ಹೇಳಿದಂತಿರಲಿಲ್ಲ. ರಕ್ಷಿತಾ ಕೂತಳು. ಅಷ್ಟರಲ್ಲಿ ಒಬ್ಬ ಸ್ಕೂಟರಿನವನು ಬೇಲಿಯ ಹೊರಗೆ ನಿಂತು, “ಏನಾರೂ ಆಯ್ತಾ ತುಳಸಿದಾಸಾ?” ಎಂದು ಕೇಳಿದ.

“ಎಂತಾ ಇಲ್ಲ ಮಾರಾಯಾ. ಬರೀ ಕಸ. ಡೀಸೆಲ್ ಖರ್ಚೂ ಹುಟ್ಲಿಲ್ಲ.”

“ಹೊಸ ಜಾಗ ಹೆಂಗದೆ? ಆ ನಡುಗಡ್ಡೆ ತೆಂಕು?”

“ಅದು ಭಾರೀ ಚೊಲೋ ಅದೆ. ಹೋಗು ಬೇಕಾರೆ.”

ಸ್ಕೂಟರಿನವನು ಹೋದ. ತುಳಸಿದಾಸರು ಸೂಜಿ ಕಚ್ಚಿಕೊಂಡೇ ನಕ್ಕರು, ಬೀರಾ ಪಕ್ಕದ ಬುಟ್ಟಿಗಳಿಗೆ ಮುಚ್ಚಿದ್ದ ಗೋಣಿ ಎತ್ತಿ ಒಳಗೆ ಇನ್ನಷ್ಟು ನೀರು ಚಿಮುಕಿಸಿದ. ಬುಟ್ಟಿಗಳ ತುಂಬ ಬಂಗಡೆ, ಕಿವಿರು ಎತ್ತಿ ನೋಡಬೇಕಾಗಿಯೇ ಇರಲಿಲ್ಲ. ರಕ್ಷಿತಾ ಬುಟ್ಟಿ ನೋಡಿದಳು, ತುಳಸಿದಾಸರನ್ನು ನೋಡಿದಳು.

“ಎಂತಾ ಇಲ್ಲ ಅಂದ್ರಲ್ಲ ಕಾಕಾ?”

ಉತ್ತರ ಕೊಟ್ಟವರು ಮಾದೇವಿ. “ಅದೆ ಅಂದ್ರೆ ನಾಳೆ ಅವ್ರ ದೋಣಿನೂ ಅಲ್ಲೇ ಬತ್ತದೆ ತಂಗಿ. ಚೊಲೋ ಇದ್ದದ್ದ ಬಾಯ್ಬಿಟ್ಟು ಹೇಳ್ರೆ ಕಣ್ಣೂ ತಾಗ್ತದೆ. ಎಂತಾ ಸಿಗದ ಜಾಗ ಕೇಳ್ರೆ ಭಾರೀ ಚೊಲೋ ಅಂಬದು. ಅತ್ಲಾಗೇ ಹೋಗ್ಲಿ ಅಂತ.”

“ಹಾಗಾದ್ರೆ ನಿಜ ಯಾರಿಗೂ ಹೇಳೂದೇ ಇಲ್ವಾ?”

“ಒಂದೇ ದೋಣಿಯವ್ರಿಗೆ ಹೇಳೂದು. ಹೊರಗಿನವ್ರಿಗೆ ಎಂತಕೆ?” ಮಾದೇವಿ ನಕ್ಕರು. “ನಮ್ಮ ನಿತೇಶಂದೂ ಇದೇ ಹಣೆಬರ. ಹಬ್ಬಕ್ಕೆ ಪಾಯಸ ಮಾಡಿ ಹೆಂಗದ್ಯಾ ಅಂತ ಕೇಳ್ರೆ ಎಂತಾ ಇಲ್ಲ ಅಂಬಾ. ಹಂಗಂದ್ರೆ ಮತ್ತೊಂದು ಬಟ್ಲು ಬೇಕು ಅಂತ ನಾನು ತಿಳ್ಕಂಬದು. ನಾಲ್ಗೆಗೇ ಅಂಟ್ಕಂಡದೆ.”

ರಕ್ಷಿತಾ ಮಣೆಯ ಮೇಲೆ ಕೂತಲ್ಲೇ ಕಲ್ಲಾದಳು. ಕಸ, ಕಸ, ಕಸ ಎಂದು ಅವನು ಹೇಳಿದ ಪುಸ್ತಕಗಳೆಲ್ಲ ಒಂದೊಂದಾಗಿ ಕಣ್ಣ ಮುಂದೆ ಬಂದವು, ಬೆನ್ನು ಸಡಿಲಾಗುವವರೆಗೆ ಓದಿದ್ದ, ಮರಳ ಮೇಲೆ ಮಲಗಿಕೊಂಡು ಓದಿದ್ದ ಪುಸ್ತಕಗಳು. ಎಲ್ಲಕ್ಕಿಂತ ಕೊನೆಗೆ ತನ್ನದು ಬಂತು. ಬರೀ ಕಸ, ಯಾರೂ ಓದುಕೆ ಹೋಗಬೇಡಿ. ಅವಳಿಗೆ ಒಮ್ಮೆಲೇ ಎದ್ದು ಕುಣಿಯಬೇಕೆನಿಸಿತು, ಮರುಕ್ಷಣವೇ ಎಲ್ಲಿಯಾದರೂ ಅಡಗಿಕೊಳ್ಳಬೇಕೆನಿಸಿತು.

“ಕುಮಟೆಯವ್ರ ಯಾರೋ ಬರ್ದ ಕತೆ ಅದ್ಯಲ್ಲ,” ಬೀರಾ ಬಲೆ ಸರಿಸುತ್ತ ಹೇಳಿದ, “ಗೋಡೆ ಕಟ್ಟಿದ ಕಡ್ಲಿಂದು. ಅದು ಗೊತ್ತಾ ನಿಂಗೆ? ಬಲೆ ಹೊಲಿಯುಕೆ ಕೂತಾಗೆಲ್ಲ ನಿತೇಶ ಅದ್ನೇ ಓದಿ ಹೇಳ್ತಾ. ನಾನೂ ಎಸ್ಸೆಲ್ಸಿ ಓದ್ದವ. ಅವ ತಂದ ಬೇರೆ ಪುಸ್ತಕದಂಗೇ ಅದ್ನೂ ದೋಣಿಗೆ ತಕಂಡು ಹೋಗಿದ್ದೆ, ಒದ್ದೆ ಆಗ್ಬಾರ್ದು ಅಂತ ಶರ್ಟೊಳಗೆ ಇಟ್ಕಂಡು.”

“ಗೊತ್ತು,” ಎಂದಳು ರಕ್ಷಿತಾ.

“ಆ ಕಾಶಿ ಅದಾನಲ್ಲ,” ತುಳಸಿದಾಸರು ಸೂಜಿಯನ್ನು ಬಾಯಿಂದ ತೆಗೆದರು, “ಅವ ಹುಡ್ಗ ಅಂದ್ರೆ ಹುಡ್ಗ. ಕಾವಲಿನವ್ರು ಕೇಳ್ರೂ ಎಂತಾ ಇಲ್ಲ, ಆ ಹುಡ್ಗಿ ಕೇಳ್ರೂ ಎಂತಾ ಇಲ್ಲ. ಮೀನು ಬಪ್ಪ ಬಿರುಕು ಎಲ್ಲದೆ ಅಂತ ಪ್ರಾಣ ಹೋದ್ರೂ ಹೇಳೂದಿಲ್ಲ. ಬರ್ದವ್ರು ಅವ್ನ ಕಂಡೇ ಬರ್ದಿರಬೇಕು. ಕಡೆಗೆ ಬೆಳ್ಳಾಗುಕೆ ಮುಂಚೆ ದೋಣಿ ಬಿಟ್ಕಂಡು ಎಲ್ಲರ್ನೂ ಆಚೆ ದಾಟಸ್ತಾ ನೋಡು, ಅಲ್ಲಿ ನಂಗೆ ಕಣ್ಣಲ್ಲಿ ನೀರು ಬಂತು.”

ಹಾಗೊಂದು ಕೊನೆಯನ್ನು ರಕ್ಷಿತಾ ಬರೆದಿರಲಿಲ್ಲ. ಅವಳ ಕತೆಯಲ್ಲಿ ಕಾಶಿ ದ್ರೋಹಿ, ಸಾಯುತ್ತಾನೆ. ನಿತೇಶ ಕೊನೆಯ ಪುಟವನ್ನು ಯಾರ ಕೈಗೂ ಕೊಡದೆ ತೆಗೆದಿಟ್ಟು, ತಾನೇ ಒಂದು ಕೊನೆ ಕಟ್ಟಿ ಇವರಿಗೆ ಹೇಳಿರಬೇಕು. ಕಾಶಿ ಬಾಯಿ ಬಿಡದಿರುವುದು ದ್ರೋಹವಾಗಿ ಕಾಣಿಸಿದ್ದು ಅವಳೊಬ್ಬಳಿಗೆ. ಈ ಅಂಗಳದಲ್ಲಿ ಯಾರಿಗೂ ಅಂಥ ಯೋಚನೆಯೂ ಬಂದಿರಲಿಲ್ಲ. ಬರೆದವಳು ಅವಳೇ, ಆದರೆ ತನ್ನ ಕತೆಯಲ್ಲಿ ನಾಯಕ ಯಾರೆಂದು ಅವಳಿಗೆ ಗೊತ್ತಿರಲಿಲ್ಲ.

ನಿತೇಶ ಐಸಿನ ಚೀಲ ಹೊತ್ತು ಬಂದವನು ಅವಳನ್ನು ಕಂಡು ಬೇಲಿಯ ಹತ್ತಿರವೇ ನಿಂತ. ಚೀಲ ಇಳಿಸಿದ. ರಕ್ಷಿತಾ ಎದ್ದು ಅಲ್ಲಿಗೇ ಹೋದಳು. ಬೀರಾ ಬಂದು ಚೀಲದಿಂದ ಐಸಿನ ತುಂಡೊಂದನ್ನು ಎತ್ತಿಕೊಂಡು ಹೋಗಿ ಒಡೆಯಲು ಶುರು ಮಾಡಿದ್ದ. ಆ ಸದ್ದಿನಲ್ಲಿ ಇವರ ಮಾತು ಅಂಗಳಕ್ಕೆ ಕೇಳುವಂತಿರಲಿಲ್ಲ.

“ಆ ಕತೆ ನಂದು,” ಎಂದಳು. “ಸುಜಯ ಬರ್ದದ್ದಲ್ಲ.”

“ಗೊತ್ತದೆ,” ಎಂದ ನಿತೇಶ. “ಕಾಶಿ ಕಿವಿ ತುರಿಸ್ಕಂಬ ರೀತಿ ಎದುರಿಗೆ ಕೂತವ್ರಿಗೆ ಮಾತ್ರ ಕಾಣ್ತದೆ.”

“ಅಕ್ಕೋರಿಗೆ ಹೇಳಿದ್ದೂ ನಾನೇ. ಮಾರ್ತಾನೆ ಅಂತ ಹೇಳ್ದೆ.”

ನಿತೇಶ ಚೀಲದ ಬಾಯಿ ಬಿಗಿದ. ಕಿವಿ ಮುಟ್ಟಲಿಲ್ಲ, ನಗಲೂ ಇಲ್ಲ. ಇದು ಅವನಿಗೆ ಗೊತ್ತಿರಲಿಲ್ಲವೆಂದು ಅವನ ಮುಖದಲ್ಲೇ ಕಂಡಿತು. ಕಾಶಿಯನ್ನು ತನ್ನಂತೆ ಬರೆದದ್ದನ್ನು ಅವನು ಸಹಿಸಿಕೊಂಡಿದ್ದ, ಬಹುಶಃ ಒಳಗೊಳಗೇ ಹೆಮ್ಮೆಯನ್ನೂ ಪಟ್ಟಿದ್ದ. ಇದು ಬೇರೆ.

“ನಂದು ತಪ್ಪಾಯ್ತು ನಿತೇಶ. ನಾಳೆನೇ ಅಕ್ಕೋರಿಗೆ ಹೇಳ್ತೆ. ನೀ ಬರಬೇಕು.”

ಅವನು ಒಳಗೆ ಹೋಗಿ ಒಂದು ಪ್ಲಾಸ್ಟಿಕ್ ಕವರು ತಂದ. ಅದರೊಳಗೆ ಅವಳ ಕತೆಯ ಹಾಳೆಗಳಿದ್ದವು, ಅಂಚುಗಳು ಮೆತ್ತಗಾಗಿ, ಮೂಲೆಗಳು ದುಂಡಗಾಗಿ, ಎಷ್ಟೋ ಕೈ ದಾಟಿದ ಹಾಳೆಗಳು. ಕೊನೆಯ ಹಾಳೆಯೊಂದು ಮಾತ್ರ ಝೆರಾಕ್ಸ್ ಅಂಗಡಿಯಿಂದ ಬಂದಂತೆಯೇ ಗರಿಗರಿಯಾಗಿತ್ತು. ರಕ್ಷಿತಾ ಕವರನ್ನು ಎದೆಗೆ ಒತ್ತಿಕೊಂಡಳು. ಕೇಳಬಾರದು ಎಂದು ಗೊತ್ತಿದ್ದೂ ಅವಳಿಂದ ತಡೆಯಲಾಗಲಿಲ್ಲ.

“ನಿಜ ಹೇಳು. ಕತೆ ಹೇಗದೆ?”

ನಿತೇಶ ಅವಳ ಮುಖ ನೋಡಿದ. ಇಷ್ಟು ದಿನ ನೀನು ಎನ್ನುತ್ತಿದ್ದವನು ಅಂಗಡಿಗೆ ಬಂದ ಗಿರಾಕಿಯ ಹತ್ತಿರ ಮಾತಾಡುವಂತೆ, ತುಂಬ ಮರ್ಯಾದೆಯಿಂದ ಹೇಳಿದ.

“ಭಾರೀ ಚೊಲೋ ಅದೆ. ನೀವು ಹಿಂಗೇ ಬರೀತಾ ಇರಿ. ಕೊನೇ ಪುಟ ಅಂತೂ ಎಲ್ಲಕ್ಕಿಂತ ಚೊಲೋ.”

ಮಾದೇವಿ ಬೇಡವೆಂದರೂ ಕೇಳದೆ ಒಂದಿಷ್ಟು ಬಂಗಡೆ ಕಟ್ಟಿಕೊಟ್ಟರು, ಬಸ್ಸು ಬರುವ ಕಡೆಗೆ ದಾರಿ ತೋರಿಸಿದರು. ಸೇತುವೆಯ ಮೇಲೆ ಬಸ್ಸು ನಿಧಾನವಾಗಿ ಸಾಗುತ್ತಿತ್ತು. ಅವಳು ಬಯಸಿದ್ದ ಅಭಿಪ್ರಾಯ ಅವಳಿಗೆ ಸಿಕ್ಕಾಗಿತ್ತು, ಓದುಮನೆಯಲ್ಲಿ, ಎಲ್ಲರೆದುರು, ಆಗ ಅದು ಅವಳಿಗೆ ತಿಳಿಯಲಿಲ್ಲ. ಇವತ್ತು ಸಿಕ್ಕಿದ್ದು ಹೊರಗಿನವರಿಗೆ ಕೊಡುವ ಮಾತು. ರಕ್ಷಿತಾ ಕಿಟಕಿಯ ಕಡೆ ಮುಖ ತಿರುಗಿಸಿಕೊಂಡು, ಕವರಿನ ಮೇಲೆ ಕಣ್ಣೀರು ಬೀಳದಂತೆ ಅದನ್ನು ಪಕ್ಕಕ್ಕೆ ಸರಿಸಿ, ಅಳತೊಡಗಿದಳು.